ಸಂಶೋಧನೆಗೆ ಆಕರಗಳು: ಹುಡುಕುವ, ಒರೆಗೆ ಹಚ್ಚುವ ಮತ್ತು ಬಳಸುವ ಕ್ರಮ

1980ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಯು ಸಂಪಾದಕರಿಗೆ ಬಂದ ಐದು ವಾಕ್ಯಗಳ ಒಂದು ಪತ್ರವನ್ನು ಪ್ರಕಟಿಸಿತು. ಆಸ್ಪತ್ರೆಯಲ್ಲಿ ಒಳರೋಗಿಗಳಾಗಿದ್ದಾಗ ಅಫೀಮು ವರ್ಗದ ನೋವುನಿವಾರಕಗಳನ್ನು ಪಡೆದ 11,882 ಮಂದಿಯ ದಾಖಲೆಗಳನ್ನು ನೋಡಿದಾಗ, ಹಿಂದೆ ವ್ಯಸನವಿಲ್ಲದವರಲ್ಲಿ ಹೊಸದಾಗಿ ವ್ಯಸನ ಉಂಟಾದದ್ದಕ್ಕೆ ಸರಿಯಾದ ದಾಖಲೆಯಿರುವ ಪ್ರಕರಣಗಳು ನಾಲ್ಕು ಮಾತ್ರ ಎಂಬುದು ಅದರ ಸಾರ. ಆ ಪತ್ರ ಹೇಳಿದ್ದು ಅಷ್ಟೇ. ಅಧ್ಯಯನದ ವಿಧಾನವಾಗಲಿ, ರೋಗಿಗಳು ಎಷ್ಟು ದಿನ ಔಷಧ ತೆಗೆದುಕೊಂಡರೆಂಬುದಾಗಲಿ, ಮನೆಗೆ ಹೋದ ಮೇಲೆ ಅವರಿಗೆ ಏನಾಯಿತೆಂಬುದಾಗಲಿ ಅದರಲ್ಲಿ ಇರಲಿಲ್ಲ. 2017ರಲ್ಲಿ ಅದೇ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆಯೊಂದು ಈ ಪತ್ರವನ್ನು ಉಲ್ಲೇಖಿಸಿದ 608 ಬರಹಗಳನ್ನು ಪತ್ತೆ ಮಾಡಿತು. ಅವುಗಳಲ್ಲಿ ಶೇ. 72.2ರಷ್ಟು ಬರಹಗಳು ಇಂಥ ಔಷಧಗಳಿಂದ ವ್ಯಸನ ಅಪರೂಪ ಎಂಬುದಕ್ಕೆ ಈ ಪತ್ರವನ್ನೇ ಆಧಾರವಾಗಿ ಕೊಟ್ಟಿದ್ದವು, ಶೇ. 80.8ರಷ್ಟು ಬರಹಗಳು ಆ ರೋಗಿಗಳು ಆಸ್ಪತ್ರೆಯೊಳಗಿದ್ದವರು ಎಂಬ ಅಂಶವನ್ನೇ ಹೇಳಿರಲಿಲ್ಲ.

ಗಮನಿಸಬೇಕಾದದ್ದು ಇಷ್ಟು: ಪತ್ರಿಕೆ ಪ್ರತಿಷ್ಠಿತವಾಗಿತ್ತು, ಬರೆದವರು ಬಲ್ಲವರಾಗಿದ್ದರು, ಅಂಕಿ-ಅಂಶ ಸುಳ್ಳಾಗಿರಲಿಲ್ಲ. ಆದರೂ ಆ ಆಕರದ ಮೇಲೆ ಅದು ಹೊರಲಾರದ ಭಾರವನ್ನು ಹೇರಲಾಯಿತು. ಆದ್ದರಿಂದ ಆಕರಗಳ ವಿಷಯದಲ್ಲಿ ಸಂಶೋಧಕರು ಕೇಳಿಕೊಳ್ಳಬೇಕಾದ ಮುಖ್ಯ ಪ್ರಶ್ನೆ 'ಇದು ಒಳ್ಳೆಯ ಆಕರವೇ?' ಎಂಬುದಲ್ಲ; 'ನಾನು ಬರೆಯಲಿರುವ ಈ ನಿರ್ದಿಷ್ಟ ಮಾತಿಗೆ ಈ ಆಕರ ಸಾಕೇ?' ಎಂಬುದು. ಮುಂದೆ ಹೇಳುವ ಹೆಜ್ಜೆಗಳೆಲ್ಲ ಈ ಪ್ರಶ್ನೆಯನ್ನು ಸುತ್ತುವರಿದೇ ಇವೆ.

ಮೊದಲ ಹೆಜ್ಜೆ: ವಿಷಯವನ್ನು ಪ್ರಶ್ನೆಯಾಗಿ, ಪ್ರಶ್ನೆಯನ್ನು ಹೇಳಿಕೆಗಳಾಗಿ ಬಿಡಿಸಿಕೊಳ್ಳುವುದು

'ಮೊಬೈಲ್ ಮತ್ತು ನಿದ್ರೆ' ಎಂಬುದು ವಿಷಯ. ಅದನ್ನಿಟ್ಟುಕೊಂಡು ಹುಡುಕಲು ಹೊರಟರೆ ಸಾವಿರಾರು ಲೇಖನಗಳು ಎದುರಾಗುತ್ತವೆ, ಯಾವುದನ್ನು ಓದಬೇಕು, ಯಾವುದನ್ನು ಬಿಡಬೇಕು ಎಂಬುದು ತಿಳಿಯುವುದಿಲ್ಲ. 'ಮಲಗುವ ಮುಂಚಿನ ಒಂದು ಗಂಟೆಯಲ್ಲಿ ಮೊಬೈಲ್ ಬಳಸುವ ಹದಿಹರೆಯದವರು ಬಳಸದವರಿಗಿಂತ ತಡವಾಗಿ ನಿದ್ರೆಗೆ ಜಾರುತ್ತಾರೆಯೇ?' ಎಂಬುದು ಪ್ರಶ್ನೆ. ಇಲ್ಲಿ ಯಾರು, ಏನು, ಯಾವಾಗ, ಯಾವ ಪರಿಣಾಮ ಎಂಬುದೆಲ್ಲ ಗೊತ್ತಾಗಿರುವುದರಿಂದ ಆಯ್ಕೆ ಸಾಧ್ಯವಾಗುತ್ತದೆ.

ಇದಾದ ಮೇಲೆ ಪ್ರಬಂಧದಲ್ಲಿ ನೀವು ಏನೇನು ಹೇಳಬೇಕಾದೀತು ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಹದಿಹರೆಯದವರಲ್ಲಿ ಎಷ್ಟು ಮಂದಿ ರಾತ್ರಿ ಮೊಬೈಲ್ ಬಳಸುತ್ತಾರೆ ಎಂಬ ಮಾತಿಗೆ ಸಮೀಕ್ಷೆಯ ಅಂಕಿ-ಅಂಶ ಬೇಕು. ಪರದೆಯ ಬೆಳಕು ದೇಹದ ಮೇಲೆ ಏನು ಮಾಡುತ್ತದೆ ಎಂಬುದಕ್ಕೆ ಪ್ರಯೋಗಾಲಯದ ಅಧ್ಯಯನ ಬೇಕು. ಹದಿಹರೆಯದವರು ತಮ್ಮ ಅಭ್ಯಾಸವನ್ನು ಹೇಗೆ ವಿವರಿಸುತ್ತಾರೆ ಎಂಬುದಕ್ಕೆ ಸಂದರ್ಶನಗಳು ಬೇಕು. ಹೀಗೆ ಪ್ರತಿಯೊಂದು ಮಾತಿನ ಮುಂದೆ ಅದಕ್ಕೆ ತಕ್ಕ ಆಧಾರದ ಬಗೆಯನ್ನು ಬರೆದಿಟ್ಟುಕೊಂಡರೆ ಹುಡುಕಾಟಕ್ಕೆ ದಿಕ್ಕು ಸಿಗುತ್ತದೆ. ಸಮೀಕ್ಷೆ ಹೇಳಬಹುದಾದದ್ದನ್ನು ಪ್ರಯೋಗದಿಂದ, ಪ್ರಯೋಗ ಹೇಳಬಹುದಾದದ್ದನ್ನು ಅಭಿಪ್ರಾಯ ಲೇಖನದಿಂದ ಹೇಳಿಸುವ ತಪ್ಪೂ ಆಗುವುದಿಲ್ಲ.

ಪ್ರಾಥಮಿಕ ಆಕರ (ಅಭ್ಯಾಸದ ವಸ್ತುವಿನಿಂದ ನೇರವಾಗಿ ಬಂದದ್ದು), ದ್ವಿತೀಯಕ ಆಕರ (ಅದರ ಬಗ್ಗೆ ಇತರರು ಬರೆದದ್ದು) ಎಂಬ ವಿಂಗಡಣೆಯೂ ಈ ಹಾಳೆಯ ಮೇಲೆಯೇ ನಡೆಯಬೇಕು. ಇದು ದಾಖಲೆಗೆ ಅಂಟಿಕೊಂಡ ಶಾಶ್ವತ ಗುಣವಲ್ಲ. ಐವತ್ತು ವರ್ಷ ಹಳೆಯ ಇತಿಹಾಸದ ಪಠ್ಯಪುಸ್ತಕವು ಅದರಲ್ಲಿ ವರ್ಣಿಸಿರುವ ಯುದ್ಧವನ್ನು ಅಭ್ಯಸಿಸುವವರಿಗೆ ದ್ವಿತೀಯಕ ಆಕರ. ಶಾಲೆಗಳಲ್ಲಿ ಇತಿಹಾಸವನ್ನು ಹೇಗೆ ಕಲಿಸುತ್ತಿದ್ದರು ಎಂಬುದನ್ನು ಅಭ್ಯಸಿಸುವವರಿಗೆ ಅದೇ ಪ್ರಾಥಮಿಕ ಆಕರ.

ಎರಡನೆಯ ಹೆಜ್ಜೆ: ಹುಡುಕಲು ಬೇಕಾದ ಪದಗಳನ್ನು ಕೂಡಿಸುವುದು

ಒಂದೇ ಸಂಗತಿಯನ್ನು ಬೇರೆ ಬೇರೆ ಶಿಸ್ತುಗಳು ಬೇರೆ ಬೇರೆ ಹೆಸರಿನಿಂದ ಕರೆಯುತ್ತವೆ. ಮೇಲಿನ ಉದಾಹರಣೆಯಲ್ಲಿ 'ಟೀನೇಜರ್' ಎಂದು ಹುಡುಕಿದವರಿಗೆ 'ಅಡಾಲೆಸೆಂಟ್' ಎಂದು ಬರೆದ ವೈದ್ಯಕೀಯ ಲೇಖನಗಳು ತಪ್ಪಿಹೋಗಬಹುದು. 'ಮೊಬೈಲ್' ಎಂದು ಹುಡುಕಿದವರಿಗೆ 'ಸ್ಮಾರ್ಟ್‌ಫೋನ್', 'ಸ್ಕ್ರೀನ್ ಟೈಮ್', 'ಎಲೆಕ್ಟ್ರಾನಿಕ್ ಮೀಡಿಯಾ' ಎಂಬ ಹೆಸರಿನಡಿ ಬಂದವು ಕಾಣದೇ ಇರಬಹುದು. ಆದ್ದರಿಂದ ಪ್ರಶ್ನೆಯಲ್ಲಿರುವ ಪ್ರತಿಯೊಂದು ಪರಿಕಲ್ಪನೆಗೂ ಒಂದೊಂದು ಪದಗುಚ್ಛವನ್ನು ಮಾಡಿಕೊಳ್ಳಿ. ಮೊದಲು ಸಿಕ್ಕ ಎರಡು-ಮೂರು ಒಳ್ಳೆಯ ಲೇಖನಗಳ ಶೀರ್ಷಿಕೆ, ಸಾರಾಂಶ ಮತ್ತು ಕೀಲಿಪದಗಳನ್ನು ನೋಡಿದರೆ ಆ ಕ್ಷೇತ್ರದವರು ನಿಜವಾಗಿ ಬಳಸುವ ಪದಗಳು ತಾವಾಗಿಯೇ ಸಿಗುತ್ತವೆ.

ಪದಗಳನ್ನು ಜೋಡಿಸುವ ಕ್ರಮ ಲೇಖನಗಳನ್ನು ಹುಡುಕಿಕೊಡುವ ಬಹುತೇಕ ಡೇಟಾಬೇಸ್‌ಗಳಲ್ಲಿ ಒಂದೇ. ಸಮಾನಾರ್ಥಕ ಪದಗಳ ನಡುವೆ 'ಆರ್' (OR), ಬೇರೆ ಬೇರೆ ಪರಿಕಲ್ಪನೆಗಳ ನಡುವೆ 'ಆ್ಯಂಡ್' (AND), ಬೇಡವಾದ ಪದದ ಮುಂದೆ 'ನಾಟ್' (NOT) ಎಂಬ ಇಂಗ್ಲಿಷ್ ಪದಗಳನ್ನು ದೊಡ್ಡ ಅಕ್ಷರಗಳಲ್ಲಿ ಬರೆಯಬೇಕು; ಸಮಾನಾರ್ಥಕಗಳ ಗುಂಪನ್ನು ಆವರಣದೊಳಗೆ ಇಡಬೇಕು; ಪದಪುಂಜವೊಂದು ಹಾಗೆಯೇ ಬರಬೇಕೆಂದಿದ್ದರೆ ಅದನ್ನು ಉದ್ಧರಣ ಚಿಹ್ನೆಯೊಳಗೆ ಹಾಕಬೇಕು. 'ನಾಟ್' ಅನ್ನು ಬಹಳ ಎಚ್ಚರದಿಂದ ಬಳಸಿ, ಏಕೆಂದರೆ ಬೇಡದ ಪದ ಒಮ್ಮೆ ಬಂದಿದೆ ಎಂಬ ಒಂದೇ ಕಾರಣಕ್ಕೆ ಬೇಕಾದ ಲೇಖನವೂ ಹೊರಗುಳಿಯುತ್ತದೆ. ಪದದ ಮೂಲರೂಪದ ಕೊನೆಗೆ ನಕ್ಷತ್ರಚಿಹ್ನೆ ಇಟ್ಟರೆ ಅದರ ಎಲ್ಲ ರೂಪಗಳೂ ಬರುವ ಸೌಲಭ್ಯ ಪಬ್‌ಮೆಡ್, ಸ್ಕೋಪಸ್ ಮುಂತಾದ ಡೇಟಾಬೇಸ್‌ಗಳಲ್ಲಿದೆ. ಗೂಗಲ್ ಸ್ಕಾಲರ್‌ನಲ್ಲಿ ಅದು ಕೆಲಸ ಮಾಡುವುದಿಲ್ಲ.

ಇದಕ್ಕಿಂತಲೂ ನಿಖರವಾದ ಇನ್ನೊಂದು ದಾರಿಯಿದೆ. ಕೆಲವು ಡೇಟಾಬೇಸ್‌ಗಳಲ್ಲಿ ಪರಿಣತರು ಪ್ರತಿಯೊಂದು ವಿಷಯಕ್ಕೂ ಒಂದು ಅಧಿಕೃತ ಶೀರ್ಷಿಕೆಯನ್ನು ಗೊತ್ತುಮಾಡಿರುತ್ತಾರೆ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವು 1960ರಿಂದ ಬೆಳೆಸಿಕೊಂಡು ಬಂದಿರುವ 'ಮೆಶ್' ಪದಕೋಶ ಇಂಥದ್ದು. ಲೇಖಕರು ಯಾವ ಪದವನ್ನೇ ಬಳಸಿರಲಿ, ಲೇಖನ ಆ ಶೀರ್ಷಿಕೆಯಡಿ ದಾಖಲಾಗಿರುತ್ತದೆ. ಗ್ರಂಥಾಲಯದ ಪುಸ್ತಕ ಸೂಚಿಗಳಲ್ಲೂ ಇಂಥ ವಿಷಯ ಶೀರ್ಷಿಕೆಗಳಿರುತ್ತವೆ. ಉಪಯುಕ್ತ ಪುಸ್ತಕವೊಂದು ಸಿಕ್ಕಾಗ ಅದರ ವಿಷಯ ಶೀರ್ಷಿಕೆಯನ್ನು ಒತ್ತಿದರೆ ಅದರ ಒಡನಾಡಿ ಪುಸ್ತಕಗಳೆಲ್ಲ ತೆರೆದುಕೊಳ್ಳುತ್ತವೆ.

ಮೂರನೆಯ ಹೆಜ್ಜೆ: ಸರಿಯಾದ ಜಾಗಗಳಲ್ಲಿ, ಎರಡೂ ದಿಕ್ಕಿನಲ್ಲಿ ಹುಡುಕುವುದು

2004ರಲ್ಲಿ ಶುರುವಾದ ಗೂಗಲ್ ಸ್ಕಾಲರ್ ಆರಂಭಕ್ಕೆ ಅನುಕೂಲ. ಅದರ ವ್ಯಾಪ್ತಿ ದೊಡ್ಡದು, ಆದರೆ ಆಯ್ಕೆಯ ಜರಡಿ ಸಡಿಲ. ಪರಿಶೀಲನೆಗೊಳಗಾಗದ ಬರಹಗಳು, ವಿದ್ಯಾರ್ಥಿ ಪ್ರಬಂಧಗಳು, ಕಳಪೆ ಜರ್ನಲ್‌ಗಳು ಎಲ್ಲವೂ ಅಲ್ಲಿ ಒಟ್ಟಿಗೆ ಬರುತ್ತವೆ. ಆದ್ದರಿಂದ ನಿಮ್ಮ ಶಿಸ್ತಿಗೆ ಮೀಸಲಾದ ಡೇಟಾಬೇಸ್‌ಗೆ ಹೋಗಲೇಬೇಕು: ವೈದ್ಯಕೀಯಕ್ಕೆ ಪಬ್‌ಮೆಡ್, ಶಿಕ್ಷಣಶಾಸ್ತ್ರಕ್ಕೆ ಎರಿಕ್, ಮಾನವಿಕಗಳ ಹಳೆಯ ಸಂಚಿಕೆಗಳಿಗೆ ಜೆಸ್ಟೋರ್, ಭೌತಶಾಸ್ತ್ರ ಮತ್ತು ಗಣಿತದ ಮುನ್ಮುದ್ರಣಗಳಿಗೆ (ತಜ್ಞರ ಪರಿಶೀಲನೆಗೆ ಮುಂಚೆಯೇ ಹಂಚಿಕೊಂಡ ಬರಹಗಳಿಗೆ) 1991ರಲ್ಲಿ ಆರಂಭವಾದ ಆರ್ಕೈವ್ (arXiv). ಪತ್ರಾಗಾರದ ಕಡತ, ಜನಗಣತಿ, ನ್ಯಾಯಾಲಯದ ತೀರ್ಪು, ಹಳೆಯ ಪತ್ರಿಕೆ ಬೇಕಾದವರಿಗೆ ಇವು ಯಾವುವೂ ಸಾಲವು. ಅವರು ಆಯಾ ಸಂಸ್ಥೆಯ ಸೂಚಿಯನ್ನೇ ನೋಡಬೇಕು. ಗ್ರಂಥಪಾಲಕರೊಂದಿಗಿನ ಅರ್ಧ ಗಂಟೆಯ ಮಾತುಕತೆ ಎಷ್ಟೋ ದಿನಗಳ ಅಲೆದಾಟವನ್ನು ಉಳಿಸುತ್ತದೆ ಎಂಬುದನ್ನು ನಾನು ಒತ್ತಿ ಹೇಳುತ್ತೇನೆ. ಈ ನೆರವನ್ನು ಕೇಳಲು ಸಂಕೋಚಪಡುವವರೇ ಹೆಚ್ಚು.

ಒಂದು ಒಳ್ಳೆಯ ಲೇಖನ ಸಿಕ್ಕಿತೆಂದರೆ ಅದರಿಂದ ಹಿಂದಕ್ಕೂ ಮುಂದಕ್ಕೂ ಹೋಗಬಹುದು. ಅದರ ಕೊನೆಯ ಗ್ರಂಥಸೂಚಿಯನ್ನು ಓದಿ ಅದು ಆಧರಿಸಿದ ಹಳೆಯ ಕೃತಿಗಳನ್ನು ಹಿಡಿಯುವುದು ಹಿಂದಕ್ಕೆ ಹೋಗುವ ದಾರಿ. ಅದನ್ನು ಮುಂದೆ ಯಾರು ಯಾರು ಉಲ್ಲೇಖಿಸಿದರು ಎಂದು ನೋಡುವುದು ಮುಂದಕ್ಕೆ ಹೋಗುವ ದಾರಿ. ಈ ಎರಡನೆಯ ದಾರಿಯನ್ನು ವಿಜ್ಞಾನ ಕ್ಷೇತ್ರಗಳಲ್ಲಿ ವ್ಯವಸ್ಥಿತವಾಗಿ ತೆರೆದದ್ದು ಯೂಜೀನ್ ಗಾರ್ಫೀಲ್ಡ್ 1964ರಲ್ಲಿ ಹೊರತಂದ 'ಸೈನ್ಸ್ ಸೈಟೇಶನ್ ಇಂಡೆಕ್ಸ್'. ಇಂದು ಗೂಗಲ್ ಸ್ಕಾಲರ್‌ನ 'ಸೈಟೆಡ್ ಬೈ' ಕೊಂಡಿ ಅದೇ ಕೆಲಸವನ್ನು ಮಾಡುತ್ತದೆ. ಒಂದು ಅಧ್ಯಯನವನ್ನು ನಂತರದವರು ಸಮರ್ಥಿಸಿದರೇ, ತಿದ್ದಿದರೇ, ಅಲ್ಲಗಳೆದರೇ ಎಂಬುದು ಮುಂದಕ್ಕೆ ಹೋದವರಿಗೆ ಮಾತ್ರ ತಿಳಿಯುತ್ತದೆ. ಈ ದಾರಿಯನ್ನು ಬಿಟ್ಟವರು ಎಂದೋ ಮುಗಿದ ವಾದವನ್ನು ಜೀವಂತವೆಂದುಕೊಂಡು ಬರೆಯುವ ಅಪಾಯವಿದೆ.

ಹುಡುಕಾಟದ ದಿನಚರಿಯೊಂದನ್ನು ಇಟ್ಟುಕೊಳ್ಳಿ: ಯಾವ ದಿನ, ಯಾವ ಡೇಟಾಬೇಸ್, ಯಾವ ಪದಜೋಡಣೆ, ಎಷ್ಟು ಫಲಿತಾಂಶ, ಎಷ್ಟನ್ನು ಇಟ್ಟುಕೊಂಡಿರಿ. ಹೊಸ ಹುಡುಕಾಟಗಳಲ್ಲಿಯೂ ಮತ್ತೆ ಮತ್ತೆ ಈಗಾಗಲೇ ಕಂಡ ಲೇಖನಗಳೇ ಬರತೊಡಗಿದಾಗ ಆ ಪ್ರಶ್ನೆಗೆ ಹುಡುಕಾಟ ಸಾಕು ಎಂದು ತಿಳಿಯಬಹುದು.

ಲೇಖನ ಹಣ ಕೇಳಿದರೆ ಕೈಬಿಡಬೇಕಾಗಿಲ್ಲ. ಗೂಗಲ್ ಸ್ಕಾಲರ್‌ನಲ್ಲಿ ಅದರ ಎಲ್ಲ ಆವೃತ್ತಿಗಳನ್ನು ತೆರೆದು ನೋಡಿ. ಅನ್‌ಪೇವಾಲ್ ಎಂಬ ಉಚಿತ ಸಲಕರಣೆಯನ್ನು ಬ್ರೌಸರ್‌ಗೆ ಸೇರಿಸಿಕೊಂಡರೆ ಕಾನೂನುಬದ್ಧವಾಗಿ ಮುಕ್ತವಾಗಿರುವ ಪ್ರತಿಯನ್ನು ಅದು ತೋರಿಸುತ್ತದೆ. ಗ್ರಂಥಾಲಯಗಳ ನಡುವಿನ ಎರವಲು ಸೇವೆಯನ್ನು ಕೇಳಿ. ಇವು ಯಾವುವೂ ಆಗದಿದ್ದರೆ ಲೇಖಕರಿಗೆ ವಿನಯದಿಂದ ಒಂದು ಇ-ಮೇಲ್ ಬರೆಯಿರಿ. ತಮ್ಮ ಕೆಲಸವನ್ನು ಓದಬಯಸುವವರಿಗೆ ಪ್ರತಿ ಕಳಿಸಲು ಎಷ್ಟೋ ಸಂಶೋಧಕರು ಸಿದ್ಧರಿರುತ್ತಾರೆ.

ನಾಲ್ಕನೆಯ ಹೆಜ್ಜೆ: ಒರೆಗೆ ಹಚ್ಚುವುದು

ಇಲ್ಲಿ ನಿಧಾನಿಸಬೇಕು. ಮೊದಲ ಪರೀಕ್ಷೆಯನ್ನು ಲೇಖನದ ಹೊರಗಿನಿಂದ ಆರಂಭಿಸುವುದು ಮೇಲು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಇತಿಹಾಸಕಾರರು, ವೃತ್ತಿನಿರತ ಸತ್ಯಶೋಧಕ ಪತ್ರಕರ್ತರು ಮತ್ತು ವಿದ್ಯಾರ್ಥಿಗಳು ಸೇರಿದಂತೆ 45 ಮಂದಿ ಜಾಲತಾಣಗಳನ್ನು ಹೇಗೆ ಅಳೆಯುತ್ತಾರೆಂದು ಗಮನಿಸಿ 2017ರಲ್ಲಿ ವರದಿ ಮಾಡಿದರು. ಇತಿಹಾಸಕಾರರೂ ವಿದ್ಯಾರ್ಥಿಗಳೂ ಬಹುಮಟ್ಟಿಗೆ ಎದುರಿಗಿದ್ದ ಪುಟವನ್ನೇ ಮೇಲಿಂದ ಕೆಳಗೆ ಓದಿ, ಅದರ ವಿನ್ಯಾಸಕ್ಕೋ ಅಧಿಕೃತವೆನಿಸುವ ಹೆಸರಿಗೋ ಮರುಳಾದರು. ಪತ್ರಕರ್ತರು ಆ ಪುಟವನ್ನು ಬಿಟ್ಟು ಹೊರಗೆ ಹೋಗಿ, ಅದನ್ನು ನಡೆಸುವವರು ಯಾರು, ಅವರ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಎಂದು ವಿಚಾರಿಸಿದರು. ಕಡಿಮೆ ಸಮಯದಲ್ಲಿ ಸರಿಯಾದ ತೀರ್ಮಾನಕ್ಕೆ ಬಂದವರು ಅವರೇ. ವರದಿ, ಜಾಲತಾಣ, ಸಂಸ್ಥೆಯ ಪ್ರಕಟಣೆ ಯಾವುದೇ ಆಗಿರಲಿ, ಇದೇ ಕ್ರಮವನ್ನು ಅನುಸರಿಸಿ. ಹಣ ಒದಗಿಸಿದವರು ಯಾರು ಎಂಬುದನ್ನು ಕೂಡ ನೋಡಿ. ಹಿತಾಸಕ್ತಿ ಇದೆ ಎಂದ ಮಾತ್ರಕ್ಕೆ ಫಲಿತಾಂಶ ಸುಳ್ಳಾಗುವುದಿಲ್ಲ, ಆದರೆ ಆ ಅಧ್ಯಯನದ ವಿಧಾನವನ್ನು ಇಮ್ಮಡಿ ಎಚ್ಚರದಿಂದ ಓದಬೇಕಾಗುತ್ತದೆ.

ಪ್ರಕಟವಾದ ಜಾಗ ಎರಡನೆಯದು. ತಜ್ಞರ ಪರಿಶೀಲನೆಗೊಳಗಾಗಿ ಪ್ರಕಟವಾದ ಲೇಖನಕ್ಕೆ ಬೆಲೆಯಿದೆ. ಆದರೆ ಪರಿಶೀಲನೆ ನಡೆಸುತ್ತೇವೆಂದು ಹೇಳಿಕೊಳ್ಳುವವರೆಲ್ಲ ಅದನ್ನು ನಡೆಸುವುದಿಲ್ಲ. 2013ರಲ್ಲಿ 'ಸೈನ್ಸ್' ಪತ್ರಿಕೆ ಪ್ರಕಟಿಸಿದ ಒಂದು ತನಿಖೆಯಲ್ಲಿ, ಗಂಭೀರ ದೋಷಗಳನ್ನು ಬೇಕೆಂದೇ ತುಂಬಿದ್ದ ಕೃತಕ ಲೇಖನವೊಂದರ ರೂಪಾಂತರಗಳನ್ನು 304 ಮುಕ್ತ ಪ್ರವೇಶದ (ಯಾರು ಬೇಕಾದರೂ ಉಚಿತವಾಗಿ ಓದಬಹುದಾದ) ಜರ್ನಲ್‌ಗಳಿಗೆ ಕಳುಹಿಸಲಾಗಿತ್ತು. 157 ಜರ್ನಲ್‌ಗಳು ಅದನ್ನು ಸ್ವೀಕರಿಸಿದ್ದವು. ಅಪರಿಚಿತ ಜರ್ನಲ್ ಎದುರಾದಾಗ ಅದರ ಸಂಪಾದಕ ಮಂಡಳಿಯವರು ನಿಜವಾಗಿ ಆ ಕ್ಷೇತ್ರದವರೇ, ಕೆಲವೇ ದಿನಗಳಲ್ಲಿ ಪ್ರಕಟಿಸುವ ಭರವಸೆ ಕೊಡುತ್ತದೆಯೇ, ಹಿಂದಿನ ಸಂಚಿಕೆಗಳ ಲೇಖನಗಳು ಓದಲು ಯೋಗ್ಯವಾಗಿವೆಯೇ ಎಂದು ನೋಡಿ. ಮುಕ್ತ ಪ್ರವೇಶದ ಜರ್ನಲ್ ಆದರೆ ಅದು ಅಂಥ ಜರ್ನಲ್‌ಗಳನ್ನು ಪಟ್ಟಿ ಮಾಡುವ, 2003ರಿಂದ ಇರುವ ಡಿಓಎಜೆ ಸೂಚಿಯಲ್ಲಿದೆಯೇ ಎಂದು ಪರೀಕ್ಷಿಸಿ. ಮುನ್ಮುದ್ರಣಗಳನ್ನು ಬಳಸಬಹುದು, ಆದರೆ ಅವು ಇನ್ನೂ ಪರಿಶೀಲನೆಯಾಗದ ಬರಹಗಳೆಂದು ನಿಮ್ಮ ಓದುಗರಿಗೆ ತಿಳಿಸಬೇಕು. ನಂತರ ಪ್ರಕಟವಾದ ಆವೃತ್ತಿಯಿದ್ದರೆ ಅದನ್ನೇ ಉಲ್ಲೇಖಿಸಬೇಕು.

ಮೂರನೆಯದು ಮತ್ತು ಎಲ್ಲಕ್ಕಿಂತ ಮುಖ್ಯವಾದದ್ದು, ವಿಧಾನ. ಸಾರಾಂಶ ಮತ್ತು ಕೊನೆಯ ತೀರ್ಮಾನವನ್ನು ಓದಿ ಲೇಖನ ಬೇಕೋ ಬೇಡವೋ ಎಂದು ನಿರ್ಧರಿಸಬಹುದು, ಆದರೆ ಅಷ್ಟನ್ನೇ ಓದಿ ಉಲ್ಲೇಖಿಸಕೂಡದು. ಯಾರನ್ನು ಅಭ್ಯಸಿಸಿದರು, ಅವರನ್ನು ಹೇಗೆ ಆಯ್ದರು, ಎಷ್ಟು ಮಂದಿ, ಎಷ್ಟು ಕಾಲ, ಹೋಲಿಕೆಗೆ ಇನ್ನೊಂದು ಗುಂಪು ಇತ್ತೇ, ಅಳೆದದ್ದು ಏನನ್ನು ಎಂಬ ಪ್ರಶ್ನೆಗಳನ್ನು ವಿಧಾನದ ಭಾಗಕ್ಕೆ ಕೇಳಿ. ನಮ್ಮ ಉದಾಹರಣೆಯಲ್ಲಿ, ಹದಿಹರೆಯದವರೇ ಹೇಳಿದ ನಿದ್ರೆಯ ಹೊತ್ತಿಗೂ ಉಪಕರಣದಿಂದ ಅಳೆದ ನಿದ್ರೆಯ ಹೊತ್ತಿಗೂ ವ್ಯತ್ಯಾಸವಿರಬಹುದು. ಒಂದೇ ಬಾರಿಗೆ ನಡೆದ ಸಮೀಕ್ಷೆಯಲ್ಲಿ ಮೊಬೈಲ್ ಬಳಕೆಗೂ ನಿದ್ರೆಯ ಕೊರತೆಗೂ ನಂಟು ಕಂಡರೂ ಯಾವುದರಿಂದ ಯಾವುದು ಆಯಿತೆಂದು ಅದು ಹೇಳಲಾರದು. ನಿದ್ರೆ ಬಾರದವರೇ ಮೊಬೈಲ್ ಕೈಗೆತ್ತಿಕೊಂಡಿರಲೂಬಹುದು.

ಒಂದೇ ಅಧ್ಯಯನದ ಮೇಲೆ ದೊಡ್ಡ ಮಾತನ್ನು ನಿಲ್ಲಿಸಬೇಡಿ. ಮನಶ್ಶಾಸ್ತ್ರದ 100 ಪ್ರಕಟಿತ ಅಧ್ಯಯನಗಳನ್ನು ಮತ್ತೆ ನಡೆಸಿ ನೋಡಿದ ಸಾಮೂಹಿಕ ಯೋಜನೆಯೊಂದು 2015ರಲ್ಲಿ ವರದಿ ಮಾಡಿದ ಪ್ರಕಾರ, ಮೂಲದಲ್ಲಿ ಶೇ. 97ರಷ್ಟು ಅಧ್ಯಯನಗಳು ಸಂಖ್ಯಾಶಾಸ್ತ್ರೀಯವಾಗಿ ಮಹತ್ವದ (ಬರೀ ಆಕಸ್ಮಿಕದಿಂದ ಬರುವುದು ಅಪರೂಪವಾದ) ಫಲಿತಾಂಶ ಕೊಟ್ಟಿದ್ದರೆ ಮರುಪರೀಕ್ಷೆಯಲ್ಲಿ ಶೇ. 36ರಷ್ಟು ಮಾತ್ರ ಹಾಗೆ ಕೊಟ್ಟವು. ಅನೇಕ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ವ್ಯವಸ್ಥಿತ ವಿಮರ್ಶೆಗಳು ನಿಮ್ಮ ವಿಷಯದಲ್ಲಿ ಬಂದಿವೆಯೇ ಎಂದು ಮೊದಲು ನೋಡುವುದು ಈ ಕಾರಣಕ್ಕೆ.

ಕೊನೆಯದಾಗಿ, ಲೇಖನ ಇನ್ನೂ ಊರ್ಜಿತದಲ್ಲಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಲಸಿಕೆಗೂ ಆಟಿಸಂಗೂ ನಂಟು ಸೂಚಿಸಿದ, ಹನ್ನೆರಡು ಮಕ್ಕಳನ್ನು ಆಧರಿಸಿದ ಲೇಖನವನ್ನು ವೈದ್ಯಕೀಯ ಪತ್ರಿಕೆ 'ಲ್ಯಾನ್ಸೆಟ್' 1998ರಲ್ಲಿ ಪ್ರಕಟಿಸಿ 2010ರಲ್ಲಿ ಹಿಂತೆಗೆದುಕೊಂಡಿತು. ನಡುವಿನ ಹನ್ನೆರಡು ವರ್ಷಗಳಲ್ಲಿ ಅದು ಎಷ್ಟೋ ಕಡೆ ಆಧಾರವಾಗಿ ನಿಂತಿತ್ತು. ಹಿಂತೆಗೆದುಕೊಂಡ ಲೇಖನಗಳನ್ನು ದಾಖಲಿಸುವ ರಿಟ್ರಾಕ್ಷನ್ ವಾಚ್ ದತ್ತಸಂಚಯವನ್ನು 2023ರಲ್ಲಿ ಕ್ರಾಸ್‌ರೆಫ್ ಸಂಸ್ಥೆ ಎಲ್ಲರಿಗೂ ಮುಕ್ತಗೊಳಿಸಿದೆ. ಲೇಖನದ ಡಿಓಐ ಸಂಖ್ಯೆಯಿಂದ, ಅಂದರೆ ಪ್ರತಿಯೊಂದು ಲೇಖನಕ್ಕೂ ಪ್ರತ್ಯೇಕವಾಗಿ ಕೊಡುವ ಸ್ಥಿರ ಗುರುತಿನಿಂದ, ಅದರಲ್ಲಿ ಹುಡುಕಬಹುದು.

ಐದನೆಯ ಹೆಜ್ಜೆ: ಮಾತಿನ ಬೇರಿನವರೆಗೆ ಹೋಗುವುದು

ಒಬ್ಬರು ಇನ್ನೊಬ್ಬರನ್ನು, ಅವರು ಮತ್ತೊಬ್ಬರನ್ನು ಉಲ್ಲೇಖಿಸುತ್ತಾ ಹೋದಂತೆ ಮಾತಿನ ಷರತ್ತುಗಳು ಉದುರುತ್ತವೆ. 'ಈ ಗುಂಪಿನಲ್ಲಿ', 'ಈ ಪ್ರಮಾಣದಲ್ಲಿ', 'ಬಹುಶಃ' ಎಂಬವು ಮರೆಯಾಗಿ ಬರಿಯ ಘೋಷಣೆ ಉಳಿಯುತ್ತದೆ. ಪಾಲಕ್ ಸೊಪ್ಪಿನ ಕಬ್ಬಿಣಾಂಶವನ್ನು ದಶಮಾಂಶ ಬಿಂದುವಿನ ತಪ್ಪಿನಿಂದಾಗಿ ಹತ್ತು ಪಟ್ಟು ಹೆಚ್ಚಾಗಿ ಬರೆಯಲಾಗಿತ್ತು ಎಂಬ ಕಥೆ ವಿಜ್ಞಾನದ ತಪ್ಪುಗಳಿಗೆ ನಿದರ್ಶನವಾಗಿ ದಶಕಗಳ ಕಾಲ ಓಡಾಡಿತು. ಅದರ ಮೂಲವನ್ನು ಹುಡುಕಿಕೊಂಡು ಹೋದವರಿಗೆ ಅಂಥ ದಶಮಾಂಶ ದೋಷ ನಡೆದದ್ದಕ್ಕೆ ಆಧಾರವೇ ಸಿಗಲಿಲ್ಲ. ಎಚ್ಚರಿಕೆ ಹೇಳುವ ಕಥೆಯೇ ಎಚ್ಚರಿಕೆಯಿಲ್ಲದೆ ಹರಡಿತ್ತು.

ಆದ್ದರಿಂದ ನಿಮ್ಮ ವಾದಕ್ಕೆ ಆಧಾರಸ್ತಂಭವಾದ ಪ್ರತಿಯೊಂದು ಮಾತಿಗೂ ಮೂಲ ಲೇಖನವನ್ನೇ ತೆರೆದು, ಆ ಮಾತು ಇರುವ ಪುಟವನ್ನು ಕಣ್ಣಾರೆ ನೋಡಿ. ಮೂಲ ಸಿಗದಿದ್ದರೆ, ಅಥವಾ ನಿಮಗೆ ಬಾರದ ಭಾಷೆಯಲ್ಲಿದ್ದರೆ, ಯಾರ ಮೂಲಕ ಅದನ್ನು ತಿಳಿದಿರೋ ಅವರ ಹೆಸರನ್ನೂ ಹೇಳಿ 'ಇವರಲ್ಲಿ ಉದ್ಧೃತ' ಎಂದು ಬರೆಯಿರಿ. ಓದದ ಮೂಲವನ್ನು ಓದಿದಂತೆ ಸೂಚಿಯಲ್ಲಿ ಸೇರಿಸುವುದು ಅಪ್ರಾಮಾಣಿಕತೆ.

ಕೃತಕ ಬುದ್ಧಿಮತ್ತೆಯ ಸಹಾಯಕಗಳು ಕೊಡುವ ಆಕರಗಳಿಗೆ ಈ ನಿಯಮ ಇನ್ನೂ ಬಿಗಿಯಾಗಿ ಅನ್ವಯಿಸುತ್ತದೆ. ನಿಜವಾದ ಲೇಖಕರ ಹೆಸರು, ನಿಜವಾದ ಪತ್ರಿಕೆಯ ಹೆಸರು, ನಂಬುವಂಥ ಶೀರ್ಷಿಕೆ ಇವನ್ನೆಲ್ಲ ಸೇರಿಸಿ ಎಂದೂ ಪ್ರಕಟವಾಗದ ಲೇಖನವನ್ನು ಅವು ಸೃಷ್ಟಿಸಬಲ್ಲವು. ಹೀಗೆ ಹುಟ್ಟಿದ, ನಿಜದಲ್ಲಿ ಇಲ್ಲದ ತೀರ್ಪುಗಳನ್ನು ನ್ಯಾಯಾಲಯಕ್ಕೆ ಸಲ್ಲಿಸಿದ ವಕೀಲರಿಗೆ 2023ರಲ್ಲಿ ನ್ಯೂಯಾರ್ಕ್‌ನ ನ್ಯಾಯಾಧೀಶರು 5,000 ಡಾಲರ್ ದಂಡ ವಿಧಿಸಿದರು. ಹುಡುಕುವ ಪದಗಳನ್ನು ಸೂಚಿಸಲು, ಕಠಿಣ ಪರಿಕಲ್ಪನೆಯ ಮೊದಲ ಪರಿಚಯಕ್ಕೆ ಅವು ನೆರವಾಗಬಹುದು. ಆದರೆ ಅವು ಹೇಳಿದ ಯಾವ ಲೇಖನವನ್ನೂ ನೀವೇ ತೆರೆದು ಓದುವವರೆಗೆ ಆಕರವೆಂದು ಎಣಿಸಬೇಡಿ.

ಆರನೆಯ ಹೆಜ್ಜೆ: ಟಿಪ್ಪಣಿ

ಟಿಪ್ಪಣಿಯಲ್ಲಿ ಮೂರು ಬಗೆಯ ಮಾತುಗಳು ಬೆರೆಯಬಾರದು: ಲೇಖಕರ ಮಾತು ಅಕ್ಷರಶಃ, ಲೇಖಕರ ವಿಚಾರ ನಿಮ್ಮ ಮಾತಿನಲ್ಲಿ, ಮತ್ತು ನಿಮ್ಮ ಸ್ವಂತ ವಿಚಾರ. ಮೊದಲನೆಯದಕ್ಕೆ ಬರೆಯುವ ಕ್ಷಣದಲ್ಲೇ ಉದ್ಧರಣ ಚಿಹ್ನೆ ಹಾಕಿ, ಮೊದಲೆರಡಕ್ಕೂ ಪುಟಸಂಖ್ಯೆ ಬರೆಯಿರಿ, ಮೂರನೆಯದಕ್ಕೆ ಬೇರೆ ಬಣ್ಣವನ್ನೋ ನಿಮ್ಮ ಹೆಸರಿನ ಮೊದಲಕ್ಷರವನ್ನೋ ಬಳಸಿ. ಕೃತಿಚೌರ್ಯವೆಂದು ಹೇಳಲಾಗುವ ಎಷ್ಟೋ ಪ್ರಸಂಗಗಳು ಹುಟ್ಟುವುದು ದುರುದ್ದೇಶದಿಂದಲ್ಲ, ತಿಂಗಳುಗಳ ನಂತರ ಯಾವ ವಾಕ್ಯ ಯಾರದೆಂದು ತಿಳಿಯದ ಟಿಪ್ಪಣಿಯಿಂದ. 2006ರಿಂದ ಉಚಿತವಾಗಿ ಸಿಗುತ್ತಿರುವ ಜೊಟೆರೊ ತಂತ್ರಾಂಶ ಲೇಖನಗಳನ್ನು, ಟಿಪ್ಪಣಿಗಳನ್ನು, ಗ್ರಂಥಸೂಚಿಯನ್ನು ಒಂದೆಡೆ ಇಡುತ್ತದೆ. ಸಂಗ್ರಹದಲ್ಲಿರುವ ಲೇಖನ ಹಿಂತೆಗೆದುಕೊಂಡದ್ದಾದರೆ ಎಚ್ಚರಿಸುತ್ತದೆ. ಆದರೆ ಅದು ತಾನಾಗಿ ತುಂಬಿಕೊಳ್ಳುವ ಹೆಸರು, ವರ್ಷ, ಪುಟಗಳಲ್ಲಿ ತಪ್ಪುಗಳಿರುವುದುಂಟು. ಸೇರಿಸಿದ ಕೂಡಲೇ ಒಮ್ಮೆ ನೋಡಿಬಿಡಿ.

ಏಳನೆಯ ಹೆಜ್ಜೆ: ಬರವಣಿಗೆಯಲ್ಲಿ ಬಳಸುವುದು

ಆಕರಗಳನ್ನು ಒಂದರ ಹಿಂದೊಂದು ಸಾಲಾಗಿ ನಿಲ್ಲಿಸಿ, 'ಇವರು ಹೀಗೆಂದರು, ಅವರು ಹಾಗೆಂದರು' ಎಂದು ಬರೆಯುತ್ತಾ ಹೋದರೆ ಅದು ಪಟ್ಟಿಯಾಗುತ್ತದೆ, ವಾದವಾಗುವುದಿಲ್ಲ. ಪ್ಯಾರಾ ನಿಮ್ಮ ಮಾತಿನಿಂದ ಶುರುವಾಗಲಿ. ಅದಕ್ಕೆ ಯಾವ ಅಧ್ಯಯನಗಳು ಬೆಂಬಲ ಕೊಡುತ್ತವೆ, ಯಾವುವು ಒಪ್ಪುವುದಿಲ್ಲ, ಈ ಭಿನ್ನತೆ ವಿಧಾನದಿಂದ ಬಂದದ್ದೋ ಅಭ್ಯಸಿಸಿದ ಜನರ ವ್ಯತ್ಯಾಸದಿಂದ ಬಂದದ್ದೋ ಎಂಬುದನ್ನು ತಿಳಿಸಿ. ನಿಮ್ಮ ನಿಲುವಿಗೆ ಎದುರಾದ ಪ್ರಬಲ ಆಕರವನ್ನು ಬಿಟ್ಟು ಬರೆದ ಪ್ರಬಂಧ ಪರೀಕ್ಷಕರೆದುರು ನಿಲ್ಲುವುದಿಲ್ಲ.

ಲೇಖಕರ ಪದಗಳೇ ಚರ್ಚೆಯ ವಸ್ತುವಾಗಿದ್ದಾಗ, ಅಥವಾ ಅವನ್ನು ಬದಲಿಸಿದರೆ ಅರ್ಥ ಕೆಡುವಂತಿದ್ದಾಗ ಮಾತ್ರ ಅಕ್ಷರಶಃ ಉದ್ಧರಿಸಿ. ಉಳಿದೆಡೆ ಪುಸ್ತಕವನ್ನು ಮುಚ್ಚಿಟ್ಟು ನಿಮ್ಮ ಮಾತಿನಲ್ಲಿ ಬರೆದು, ಮತ್ತೆ ತೆರೆದು ಹೋಲಿಸಿ ನೋಡಿ. ನಾಲ್ಕಾರು ಪದಗಳನ್ನು ಬದಲಿಸಿ ವಾಕ್ಯರಚನೆಯನ್ನು ಹಾಗೆಯೇ ಇಟ್ಟುಕೊಂಡರೆ ಅದು ನಿಮ್ಮ ಬರಹವಾಗುವುದಿಲ್ಲ. ನಿಮ್ಮ ಮಾತಿನಲ್ಲಿಯೇ ಬರೆದರೂ ವಿಚಾರ ಅವರದಾದ್ದರಿಂದ ಉಲ್ಲೇಖ ತಪ್ಪುವುದಿಲ್ಲ. ಒಂದು ವಾಕ್ಯದಲ್ಲಿ ಎರಡು ಸಂಗತಿಗಳಿದ್ದು ಅವುಗಳ ಆಧಾರ ಬೇರೆ ಬೇರೆಯಾಗಿದ್ದರೆ, ಎರಡು ಉಲ್ಲೇಖಗಳನ್ನೂ ವಾಕ್ಯದ ಕೊನೆಗೆ ತಳ್ಳದೆ ಆಯಾ ಸಂಗತಿಯ ಪಕ್ಕದಲ್ಲೇ ಇಡಿ.

ಉಲ್ಲೇಖದ ಶೈಲಿಯ ಬಗ್ಗೆ ಬಹಳ ಹೇಳಬೇಕಾಗಿಲ್ಲ. ಎಪಿಎ, ಎಂಎಲ್‌ಎ, ಶಿಕಾಗೊ ಯಾವುದಾದರೂ ಆಗಲಿ, ನಿಮ್ಮ ವಿಭಾಗ ಅಥವಾ ಪತ್ರಿಕೆ ಕೇಳುವ ಶೈಲಿಯನ್ನು, ಅದು ಕೇಳುವ ಆವೃತ್ತಿಯಲ್ಲಿ, ಮೊದಲಿನಿಂದ ಕೊನೆಯವರೆಗೆ ಒಂದೇ ರೀತಿ ಪಾಲಿಸಿ. ಡಿಓಐ ಇದ್ದಲ್ಲಿ ಅದನ್ನು ಕೊಡಿ. ಜಾಲದ ವಿಳಾಸಗಳು ಬದಲಾಗುತ್ತವೆ, ಡಿಓಐ ಸ್ಥಿರವಾಗಿರಲೆಂದೇ ರೂಪಿಸಿದ್ದು. ಅಳಿಸಿಹೋಗಬಹುದಾದ ಜಾಲಪುಟವನ್ನು ಉಲ್ಲೇಖಿಸುವುದಾದರೆ ಇಂಟರ್ನೆಟ್ ಆರ್ಕೈವ್‌ನಲ್ಲಿ ಅದರ ಪ್ರತಿಯನ್ನು ಉಳಿಸಿ ಆ ಕೊಂಡಿಯನ್ನೂ ಕೊಡಿ.

ಸಲ್ಲಿಸುವ ಮುನ್ನ ಒಂದು ದಿನವನ್ನು ಆಕರಗಳಿಗೆಂದೇ ಮೀಸಲಿಡಿ. ಪ್ರಬಂಧದ ಪ್ರತಿಯೊಂದು ಉಲ್ಲೇಖವನ್ನೂ ಕ್ರಮವಾಗಿ ತೆಗೆದುಕೊಂಡು, ಮೂಲವನ್ನು ಪಕ್ಕದಲ್ಲಿ ತೆರೆದಿಟ್ಟು, ನಿಮ್ಮ ವಾಕ್ಯವನ್ನೂ ಮೂಲದ ವಾಕ್ಯವನ್ನೂ ಜೊತೆಜೊತೆಯಾಗಿ ಓದಿ. ಅಂಕಿ ಸರಿಯಿದೆಯೇ, ಷರತ್ತು ಉಳಿದಿದೆಯೇ, 'ಸಾಧ್ಯತೆಯಿದೆ' ಎಂದದ್ದು ನಿಮ್ಮಲ್ಲಿ 'ಸಾಬೀತಾಗಿದೆ' ಎಂದಾಗಿದೆಯೇ, ಪುಟಸಂಖ್ಯೆ ಹೊಂದುತ್ತದೆಯೇ ಎಂದು ಗುರುತು ಹಾಕುತ್ತಾ ಹೋಗಿ. ಮೂಲ ನಿಮ್ಮ ಮಾತಿಗೆ ಸಾಲದೆಂದು ಕಂಡಲ್ಲಿ ಇನ್ನೊಂದು ಆಕರವನ್ನು ಹುಡುಕಿ, ಅದು ಸಿಗದಿದ್ದರೆ ಮಾತನ್ನು ಮೂಲದ ಅಳತೆಗೆ ಇಳಿಸಿ ಬರೆಯಿರಿ.